ಅಪ್ಪನ ನಾಲ್ಕು ಎಕರೆ ಎಂದೆಂದಿಗೂ ಹೊಲವಾಗಿಯೇ ಉಳಿಯುವಂತೆ ಕಾಗದ ಮಾಡಿಸಬಹುದೇ?

ರಾಗಿಕಣ · ಶನಿವಾರ, ರಾತ್ರಿ 9:50

ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ನಮ್ಮದು 4 ಎಕರೆ 12 ಗುಂಟೆ. ಒಂದೂವರೆ ಎಕರೆಯಲ್ಲಿ ನೀಲಿ ದ್ರಾಕ್ಷಿಯ ಚಪ್ಪರ. ಉಳಿದದ್ದು ರಾಗಿ, ಅಕ್ಕಡಿಗೆ ಅವರೆ ಮತ್ತು ಸಾಸಿವೆ. ನಾನು ಯಲಹಂಕದಲ್ಲಿದ್ದೇನೆ, ತಮ್ಮ ಊರಿನಲ್ಲಿದ್ದಾನೆ, ತಂಗಿಯನ್ನು ತುಮಕೂರಿಗೆ ಕೊಟ್ಟಿದ್ದೇವೆ. ಅಪ್ಪನಿಗೆ 76. ಪಹಣಿ ಇನ್ನೂ ಅವರ ಹೆಸರಿನಲ್ಲೇ ಇದೆ.

ಪಕ್ಕದ ಜಮೀನು ಎರಡು ವರ್ಷಗಳ ಹಿಂದೆ ಬಡಾವಣೆಯಾಯಿತು. ರಸ್ತೆಯ ಕಡೆ ಸಿಮೆಂಟಿನ ಕಮಾನು ನಿಲ್ಲಿಸಿ, ಹಳದಿ ಬಳಿದ ಗಡಿಕಲ್ಲುಗಳನ್ನು ನೆಟ್ಟು ಹೋದರು. ಇಂದಿಗೂ ಒಂದು ಮನೆ ಎದ್ದಿಲ್ಲ. ಕಲ್ಲುಗಳ ನಡುವೆ ಪಾರ್ಥೇನಿಯಂ ಎದೆಯೆತ್ತರ ಬೆಳೆದಿದೆ. ಅಪ್ಪ ದಿನಾ ಬೆಳಿಗ್ಗೆ ಬದುವಿನ ಮೇಲೆ ನಿಂತು ಆ ಕಲ್ಲುಗಳನ್ನು ಎಣಿಸುತ್ತಾರೆ. ಏಕೆಂದು ಕೇಳಿದರೆ ಉತ್ತರ ಹೇಳುವುದಿಲ್ಲ.

ಕಳೆದ ವಾರ ಸೋದರಮಾವನ ಮಗ ಅಮೆರಿಕದಿಂದ ಬಂದಿದ್ದ. ಅಲ್ಲಿ ರೈತರು ಕನ್ಸರ್ವೇಷನ್ ಈಸ್‌ಮೆಂಟ್ ಎಂಬ ಪತ್ರ ಬರೆದುಕೊಡುತ್ತಾರಂತೆ. ಜಮೀನು ಅವರದೇ. ಉಳಬಹುದು, ಮಾರಬಹುದು, ಮಕ್ಕಳಿಗೆ ಕೊಡಬಹುದು. ಆದರೆ ಅಲ್ಲಿ ಬಡಾವಣೆ ಮಾಡುವ ಹಕ್ಕೊಂದನ್ನು ಬಿಟ್ಟುಕೊಟ್ಟಿರುತ್ತಾರೆ. ಮುಂದೆ ಕೊಂಡವನಿಗೂ ಆ ಹಕ್ಕು ಇರುವುದಿಲ್ಲ. ಅಪ್ಪ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿ, "ಅಂಥ ಕಾಗದ ನಮ್ಮಲ್ಲಿ ಯಾವ ಕಚೇರಿಯಲ್ಲಿ ಆಗುತ್ತದೆ?" ಎಂದು ಕೇಳಿದರು. ತಮ್ಮ ಅರ್ಧ ಊಟ ಬಿಟ್ಟು ಎದ್ದುಹೋದ.

ನನ್ನ ಪ್ರಶ್ನೆ ಎರಡು. ಇಲ್ಲಿ ಅಂಥದ್ದು ಸಾಧ್ಯವೇ? ಸಾಧ್ಯವಿದ್ದರೂ, ಮೊಮ್ಮಕ್ಕಳ ಕೈಯನ್ನು ಅಜ್ಜ ಕಟ್ಟಿಹಾಕುವುದು ನ್ಯಾಯವೇ?

ಪಹಣಿಪ್ರಿಯ · ರಾತ್ರಿ 9:58

ಪೋಡಿ, ಅಂದರೆ ಅಳೆದು ನಿಮ್ಮ ಪಾಲಿಗೆ ಬೇರೆ ಸರ್ವೆ ನಂಬರ್ ಮಾಡುವುದು, ಆಗಿದೆಯೇ? ಆಗಿಲ್ಲದಿದ್ದರೆ ಮಿಕ್ಕ ಮಾತೆಲ್ಲ ಆಮೇಲೆ.

ರಾಗಿಕಣ · ರಾತ್ರಿ 10:01

ಆಗಿಲ್ಲ. ದೊಡ್ಡಪ್ಪನ ಮಕ್ಕಳ ಜೊತೆ ಒಂದೇ ಸರ್ವೆ ನಂಬರಿನಲ್ಲಿದೆ.

ಪಹಣಿಪ್ರಿಯ · ರಾತ್ರಿ 10:02

ನನಗೆ ಗೊತ್ತಿತ್ತು.

ಬಂಡಿದಾರಿ · ರಾತ್ರಿ 10:20

ಈಸ್‌ಮೆಂಟ್ ಎಂಬ ಪದ ಅಮೆರಿಕದಿಂದ ಬರಬೇಕಾಗಿಲ್ಲ. ನಮ್ಮ ಹಳ್ಳಿಯ ಪ್ರತಿ ಮನೆಗೂ ಅದು ಗೊತ್ತು, ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ ಗೊತ್ತಾಗುತ್ತದೆ ಅಷ್ಟೆ. ಹೊಸಕೋಟೆ ಕಡೆ ನಮ್ಮ ಹೊಲಕ್ಕೆ ಹೋಗುವ ದಾರಿ ಇನ್ನೊಬ್ಬರ ಜಮೀನಿನ ಅಂಚಿನಲ್ಲಿತ್ತು. ಅಜ್ಜನ ಕಾಲದಿಂದ ಗಾಡಿ ಓಡಾಡಿದ್ದರಿಂದ ಚಕ್ರದ ಎರಡು ಗೆರೆಗಳಲ್ಲಿ ಹುಲ್ಲೇ ಹುಟ್ಟುತ್ತಿರಲಿಲ್ಲ. ಜಮೀನು ಕೈ ಬದಲಾಯಿತು. ಹೊಸ ಮಾಲೀಕ ಬೆಳಗಾಗುವುದರೊಳಗೆ ಕಲ್ಲುಕಂಬ ನೆಟ್ಟು ತಂತಿ ಬಿಗಿದ. ನಕಾಶೆ ಕಂಡ ದಾರಿಯಲ್ಲ, ಆದ್ದರಿಂದ ದಾರಿಯೇ ಅಲ್ಲ ಎಂದು ವಾದಿಸಿದ. 20 ವರ್ಷ ಯಾರ ಅಡ್ಡಿಯೂ ಇಲ್ಲದೆ, ಹಕ್ಕೆಂದು ಬಳಸಿದ್ದರೆ ದಾರಿ ನಮ್ಮದಾಗುತ್ತದೆ ಎಂದು ಕಾನೂನು ಹೇಳುತ್ತದೆ. ಅದನ್ನು ರುಜುವಾತು ಮಾಡಲು ನಮಗೆ ಒಂಬತ್ತು ವರ್ಷ ಹಿಡಿಯಿತು. ಸಾಕ್ಷಿ ಹೇಳಬೇಕಿದ್ದ ಮೂವರು ಮುದುಕರಲ್ಲಿ ಇಬ್ಬರು ನಡುವೆಯೇ ತೀರಿಕೊಂಡರು.

ಒಂದು ಬಂಡಿದಾರಿಗೆ ಒಂಬತ್ತು ವರ್ಷ. "ಎಂದೆಂದಿಗೂ" ಎಂಬ ಪತ್ರವನ್ನು ಜಾರಿ ಮಾಡಿಸುವವರು ಯಾರು?

ಕರಿಕೋಟು · ರಾತ್ರಿ 10:45

ವಕೀಲನಾಗಿ ಹೇಳುತ್ತಿದ್ದೇನೆ, ಫೀಸಿಲ್ಲದೆ. ನಿಮ್ಮ ಮಾವನ ಮಗ ಹೇಳಿದ ಪತ್ರ ನಮ್ಮ ಕಾನೂನಿನಲ್ಲಿ ಇದ್ದ ಹಾಗೆಯೇ ನಿಲ್ಲುವುದಿಲ್ಲ.

1882ರ ಈಸ್‌ಮೆಂಟ್ ಕಾಯಿದೆಯ 4ನೇ ಕಲಂ ಓದಿ. ಈಸ್‌ಮೆಂಟ್ ಅಥವಾ ಅನುಭೋಗದ ಹಕ್ಕು ಎಂದರೆ ಒಂದು ಜಮೀನಿನ ಅನುಕೂಲಕ್ಕಾಗಿ ಇನ್ನೊಂದು ಜಮೀನಿನ ಮೇಲೆ ಇರುವ ಹಕ್ಕು. ದಾರಿ, ನೀರು, ಗಾಳಿ, ಬೆಳಕು ಹೀಗೆ. ಹಕ್ಕು ಪಡೆಯುವವನ ಕಡೆಯೂ ಒಂದು ಸ್ಥಿರಾಸ್ತಿ ಇರಬೇಕು. ಮಲ್ಲೇಶ್ವರದ ಮಹಡಿಯಲ್ಲಿ ಕುಳಿತ ಪರಿಸರ ಸಂಸ್ಥೆಗೆ ನಿಮ್ಮ ರಾಗಿ ಹೊಲದ ಮೇಲೆ ಅಂಥ ಹಕ್ಕು ಹುಟ್ಟುವುದಿಲ್ಲ. ಅಮೆರಿಕದ ಹಳೆಯ ಕಾನೂನಿಗೂ ಇದೇ ತೊಡಕಿತ್ತು. ಅದನ್ನು ಬಿಡಿಸಲೆಂದೇ ಅಲ್ಲಿ 1981ರಲ್ಲಿ ಒಂದು ಮಾದರಿ ಕಾಯಿದೆ ಬರೆದರು. ಅನೇಕ ರಾಜ್ಯಗಳು ಅದನ್ನೋ ಅಂಥದ್ದನ್ನೋ ಅಳವಡಿಸಿಕೊಂಡವು.

ಇನ್ನು ಆಸ್ತಿ ವರ್ಗಾವಣೆ ಕಾಯಿದೆ, ಅದೂ 1882ರದ್ದೇ. ಮಗನಿಗೆ ಬರೆದುಕೊಟ್ಟು "ಎಂದಿಗೂ ಮಾರಕೂಡದು" ಎಂದು ಸೇರಿಸಿದರೆ 10ನೇ ಕಲಂ ಪ್ರಕಾರ ಷರತ್ತು ಬಿದ್ದುಹೋಗುತ್ತದೆ, ಆಸ್ತಿ ಮಗನ ಕೈಯಲ್ಲಿ ಉಳಿಯುತ್ತದೆ. "ಹೊಲವಾಗಿಯೇ ಬಳಸಬೇಕು" ಎಂದರೆ 11ನೇ ಕಲಂ ಅಡ್ಡ ಬರುತ್ತದೆ. ಆದರೆ ಅಲ್ಲಿ ಒಂದು ಕಿಂಡಿ ಇದೆ. ಪಕ್ಕದಲ್ಲೇ ಇರುವ ಸ್ವಂತ ಜಮೀನಿನ ಅನುಕೂಲಕ್ಕಾಗಿ ಹಾಕಿದ ಷರತ್ತು ನಿಲ್ಲುತ್ತದೆ. 40ನೇ ಕಲಂ ಪ್ರಕಾರ, ಅಂಥ ಕರಾರು ಇದೆ ಎಂದು ತಿಳಿದು ಕೊಂಡವನೂ ಅದಕ್ಕೆ ಬದ್ಧ. ಅಂದರೆ ನಿಮ್ಮನ್ನು ಹಿಡಿದು ನಿಲ್ಲಿಸುವ ಶಕ್ತಿ ಇರುವುದು ಪಕ್ಕದ ಹೊಲದವನಿಗೆ ಮಾತ್ರ. ನಿಮ್ಮ ಪಕ್ಕದವರು ಆಗಲೇ ಹಳದಿ ಕಲ್ಲು ನೆಟ್ಟಿದ್ದಾರೆ.

ರಾಗಿಕಣ · ರಾತ್ರಿ 10:52

ಪೂರ್ವಕ್ಕೆ ಬಡಾವಣೆ. ಪಶ್ಚಿಮಕ್ಕೆ, ಹಳ್ಳದ ಆಚೆ, ಇನ್ನೂ ಇಬ್ಬರು ರೈತರಿದ್ದಾರೆ.

ಕರಿಕೋಟು · ರಾತ್ರಿ 10:55

ಹಾಗಾದರೆ ಆ ಇಬ್ಬರ ಮನೆಗೆ ಹೋಗಿ ಕಾಫಿ ಕುಡಿದು ಬನ್ನಿ.

ಕುಪರ್ಟಿನೋ ಕನ್ನಡಿಗ · ಭಾನುವಾರ, ಬೆಳಗಿನ ಜಾವ 3:15

ಇಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೋದ ಸೇತುವೆ ದಾಟಿದರೆ ಮರಿನ್ ಕೌಂಟಿ. ಗುಡ್ಡದ ತುಂಬ ಹಾಲಿನ ಹಸುಗಳು. 1980ರಲ್ಲಿ ಅಲ್ಲಿ ಕೃಷಿ ಭೂಮಿಗೆಂದೇ ಒಂದು ಲ್ಯಾಂಡ್ ಟ್ರಸ್ಟ್ ಹುಟ್ಟಿತು. ಟ್ರಸ್ಟ್ ಜಮೀನು ಕೊಳ್ಳುವುದಿಲ್ಲ, ಕಟ್ಟುವ ಹಕ್ಕನ್ನು ಮಾತ್ರ ಕೊಳ್ಳುತ್ತದೆ. ಬಡಾವಣೆಗೆ ಸಿಗುವ ಬೆಲೆ ನೂರು, ಹುಲ್ಲುಗಾವಲಾಗಿಯೇ ಮಾರಿದರೆ ನಲವತ್ತು ಎಂದಿಟ್ಟುಕೊಳ್ಳಿ. ನಡುವಿನ ಅರವತ್ತನ್ನು ರೈತನಿಗೆ ಕೊಡುತ್ತಾರೆ. ಆ ಹಣದಲ್ಲಿ ಕೆಲವರು ಸಾಲ ತೀರಿಸಿದರು, ಕೆಲವರು ಊರು ಬಿಟ್ಟ ಅಣ್ಣತಮ್ಮಂದಿರ ಪಾಲನ್ನು ಕೊಂಡುಕೊಂಡರು. ಇದಕ್ಕೂ ಮೊದಲು, 1974ರಲ್ಲೇ, ನ್ಯೂಯಾರ್ಕ್ ಪಕ್ಕದ ಸಫೋಕ್ ಕೌಂಟಿ ರೈತರಿಂದ ಕಟ್ಟುವ ಹಕ್ಕನ್ನು ಕೊಳ್ಳುವ ಯೋಜನೆ ಮಾಡಿತ್ತು. ಆಲೂಗೆಡ್ಡೆ ಬೆಳೆಯುವ ಸೀಮೆ, ನಗರ ಮೈಮೇಲೆ ಬರುತ್ತಿತ್ತು. ನಿಮ್ಮ ಹೊಸಕೋಟೆಯ ಕಥೆಯೇ.

ಹಣ ಪಡೆಯದೆ ದಾನ ಕೊಟ್ಟರೆ ಆದಾಯ ತೆರಿಗೆಯಲ್ಲಿ ವಿನಾಯಿತಿ.

ಲೆಕ್ಕಾಚಾರ · ಬೆಳಿಗ್ಗೆ 6:30

ಇಲ್ಲಿಯೇ ಗಾಡಿ ಹೂತುಕೊಳ್ಳುವುದು. ನಮ್ಮ ದೇಶದಲ್ಲಿ ಕೃಷಿ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲ. ಕಟ್ಟದ ತೆರಿಗೆಯಲ್ಲಿ ವಿನಾಯಿತಿ ಕೊಡುವುದು ಹೇಗೆ? ಕಂದಾಯ ಮನ್ನಾ ಮಾಡುತ್ತೇವೆ ಎನ್ನೋಣವೆಂದರೆ, ಎಕರೆಯ ಕಂದಾಯ ಒಂದು ಕಾಫಿಯ ಬೆಲೆಯನ್ನೂ ಮುಟ್ಟುವುದಿಲ್ಲ. ರೈತನಿಗೆ ತೋರಿಸಲು ನಮ್ಮ ಕೈಯಲ್ಲಿ ಬೆಲ್ಲವೇ ಇಲ್ಲ. ಉಳಿಯುವುದು ರೊಕ್ಕ ಎಣಿಸುವ ದಾರಿ. ದೊಡ್ಡಬಳ್ಳಾಪುರದ ಒಂದು ಎಕರೆಗೆ "ನಡುವಿನ ಅರವತ್ತು" ಎಷ್ಟು ಕೋಟಿ ಎಂದು ಒಮ್ಮೆ ಯೋಚಿಸಿ. ಯಾರ ಬೊಕ್ಕಸದಿಂದ?

ಅಮೆರಿಕದಲ್ಲೂ ಎಲ್ಲ ಚಿನ್ನವಲ್ಲ. ಹಣವಂತರು ಕೂಡಿ ಗಾಲ್ಫ್ ಮೈದಾನವನ್ನೋ ಪಾಳು ಭೂಮಿಯನ್ನೋ ಕೊಂಡು, ಬೆಲೆಯನ್ನು ಹತ್ತು ಪಟ್ಟು ಹಿಗ್ಗಿಸಿ, ಈಸ್‌ಮೆಂಟ್ ದಾನ ಮಾಡಿ ತೆರಿಗೆ ಉಳಿಸಿಕೊಳ್ಳುವ ದಂಧೆ ನಡೆಯಿತು. ಅದಕ್ಕೆ ಮೂಗುದಾರ ಹಾಕಲು 2022ರ ಕೊನೆಯಲ್ಲಿ ಅಲ್ಲಿನ ಸಂಸತ್ತು ಕಾನೂನು ತರಬೇಕಾಯಿತು. ನಮ್ಮವರ ಕೈಗೆ ಇದು ಸಿಕ್ಕರೆ ಹೊಲವಿಲ್ಲದ ಹೊಲಗಳಿಗೂ ಪತ್ರ ಹುಟ್ಟುತ್ತದೆ.

ಜಯನಗರದ ಬೇವು · ಬೆಳಿಗ್ಗೆ 7:10

ಎಲ್ಲವನ್ನೂ ರೂಪಾಯಿಯಲ್ಲಿ ಅಳೆಯಬೇಡಿ. ಈ ಹೊಲಗಳು ನಗರದ ಶ್ವಾಸಕೋಶ. ಮಳೆನೀರು ಇಂಗುವುದು ಅಲ್ಲಿ, ಸೊಪ್ಪು ಬರುವುದು ಅಲ್ಲಿಂದ. ರಾಗಿಕಣ ಅವರ ತಂದೆಯಂಥವರಿಗೆ ನಗರವೇ ಕೈಮುಗಿಯಬೇಕು. ಕಾನೂನು ತಂದು ಸುತ್ತಲಿನ ಎಲ್ಲ ಹೊಲಗಳಲ್ಲೂ ಕಟ್ಟಡ ನಿಷೇಧಿಸಬೇಕು.

ಹಸಿರುಪಟ್ಟಿಯೊಳಗಿನವ · ಬೆಳಿಗ್ಗೆ 7:25

ಮೇಡಂ, ಕೈಮುಗಿದರೆ ಮಗಳ ಮದುವೆ ಆಗುವುದಿಲ್ಲ. ನಿಮ್ಮ ತಾತ ಜಯನಗರದಲ್ಲಿ ಸೈಟ್ ಪಡೆದಾಗ ಅದೂ ಯಾರದೋ ಹೊಲವಾಗಿತ್ತು. ನಿಮ್ಮ ಶ್ವಾಸಕೋಶಕ್ಕೆ ನಮ್ಮ ಎದೆಯೇ ಆಗಬೇಕೇ?

ಹಸಿರು ಪಟ್ಟಿ ಎಂಬ ಹೆಸರಿನಲ್ಲಿ ನಾವು ಪುಕ್ಕಟೆ ಈಸ್‌ಮೆಂಟ್ ಬರೆದುಕೊಟ್ಟು ನಲವತ್ತು ವರ್ಷವಾಯಿತು. 1984ರ ನಗರ ಯೋಜನೆಯಲ್ಲೇ ಬೆಂಗಳೂರಿನ ಸುತ್ತ ಹಸಿರು ಬಳಿದರು. 1995ರಲ್ಲಿ ಪರಿಷ್ಕರಣೆಯಾದಾಗ ಪಟ್ಟಿ ಕಿರಿದಾಯಿತು. 2007ರಲ್ಲಿ ಜಾರಿಯಾದ, 2015ರವರೆಗಿನ ಯೋಜನೆಯಲ್ಲಿ "ಕೃಷಿ ವಲಯ" ಎಂದು ಹೊಸ ಹೆಸರು. 2031ರವರೆಗಿನ ಯೋಜನೆಯ ಕರಡು 2017ರಲ್ಲಿ ಬಂದು 2020ರಲ್ಲಿ ಹಿಂದಕ್ಕೆ ಹೋಯಿತು. ಇಷ್ಟು ದಿನವೂ ನಾನು ಭೂ ಪರಿವರ್ತನೆಗೆ ಅರ್ಜಿ ಹಾಕಿದರೆ "ಹಸಿರು ವಲಯ, ಆಗುವುದಿಲ್ಲ". ಅದೇ ಹಸಿರಿನ ಮೇಲೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಡಾವಣೆ ಮಾಡಬೇಕೆಂದರೆ ಬಣ್ಣ ಅಡ್ಡ ಬರುವುದಿಲ್ಲ. 2003ರಲ್ಲಿ ಅಧಿಸೂಚನೆಯಾದ ಅರ್ಕಾವತಿ ಬಡಾವಣೆಯ 16 ಹಳ್ಳಿಗಳಲ್ಲಿ ಹಸಿರು ಪಟ್ಟಿಯ ಜಮೀನುಗಳೂ ಇದ್ದವು. ಆ ಪ್ರಕರಣ 2010ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು.

ನನ್ನ ಜಮೀನನ್ನು ನಾನು ಸೈಟು ಮಾಡಿ ಮಾರುವ ಹಾಗಿಲ್ಲ, ಸರ್ಕಾರ ತೆಗೆದುಕೊಳ್ಳಬಹುದು. ಇದನ್ನು ಸಂರಕ್ಷಣೆ ಎನ್ನುತ್ತೀರಾ? ನಾನು ದಾಸ್ತಾನು ಎನ್ನುತ್ತೇನೆ.

ಜಯನಗರದ ಬೇವು · ಬೆಳಿಗ್ಗೆ 7:40

ನಮ್ಮ ತಾತನ ಮಾತು ಬೇಕಿರಲಿಲ್ಲ. ಉಳಿದದ್ದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಅರ್ಕಾವತಿ ದಂಡೆ · ಬೆಳಿಗ್ಗೆ 8:05

ಇದಕ್ಕೆ ಜೋಡಿಯಾಗಿ ತಿಪ್ಪಗೊಂಡನಹಳ್ಳಿ. 1933ರಲ್ಲಿ ಕಟ್ಟಿದ ಜಲಾಶಯ, ಬೆಂಗಳೂರು ಅದರ ನೀರು ಕುಡಿದು ಬೆಳೆಯಿತು. ಜಲಾನಯನ ಪ್ರದೇಶ ಹಾಳಾಗುತ್ತಿದೆ ಎಂದು 2003ರಲ್ಲಿ ಸರ್ಕಾರ ವಲಯಗಳನ್ನು ಗುರುತಿಸಿ ಕಟ್ಟಡಗಳಿಗೆ ನಿರ್ಬಂಧ ಹಾಕಿತು. ಒಳ್ಳೆಯ ಆದೇಶವೇ. ಆದರೆ ನಿರ್ಬಂಧ ಹೊತ್ತ ರೈತನಿಗೆ ಒಂದು ಬಿಡಿಗಾಸು ಬರಲಿಲ್ಲ. 2019ರಲ್ಲಿ ಅದನ್ನು ಸಡಿಲಿಸಿದರು. ಆದೇಶವನ್ನು ನಂಬಿ ಅಗ್ಗಕ್ಕೆ ಮಾರಿದವರು ಬಾಯಿ ಬಡಿದುಕೊಂಡರು, ಕೊಂಡು ಕಾದವರು ನಕ್ಕರು. ರಾಗಿಕಣ ಅವರು ಕೇಳುತ್ತಿರುವ ಪತ್ರದ ಬಗ್ಗೆ ನನಗೆ ಆಸೆ ಇರುವುದು ಈ ಕಾರಣಕ್ಕೆ. ಅದು ಮಾಲೀಕನೇ ಒಪ್ಪಿ ಬರೆಯುವುದು, ಬೆಲೆ ಪಡೆದು ಬರೆಯುವುದು. ಮುಂದಿನ ಸಂಪುಟ ಸಭೆ ಒಂದು ಮಧ್ಯಾಹ್ನದಲ್ಲಿ ಅದನ್ನು ಅಳಿಸಿಹಾಕಲು ಆಗುವುದಿಲ್ಲ.

ಕರಿಕೋಟು · ಬೆಳಿಗ್ಗೆ 8:30

ಅಳಿಸಬೇಕಾಗಿಯೇ ಇಲ್ಲ. ಭೂಸ್ವಾಧೀನವಾದರೆ ಜಮೀನು "ಎಲ್ಲ ಋಣಭಾರಗಳಿಂದ ಮುಕ್ತವಾಗಿ" ಸರ್ಕಾರದ ವಶವಾಗುತ್ತದೆ. ನಿಮ್ಮ ಪತ್ರವೂ ಒಂದು ಋಣಭಾರ. ಆಸ್ತಿಯ ಹಕ್ಕು 44ನೇ ತಿದ್ದುಪಡಿಯ ನಂತರ ಮೂಲಭೂತ ಹಕ್ಕಾಗಿ ಉಳಿದಿಲ್ಲ, 300ಎ ವಿಧಿಯ ಕೆಳಗೆ ಸಾಂವಿಧಾನಿಕ ಹಕ್ಕು. ಕಾನೂನಿನ ಅಧಿಕಾರವಿಲ್ಲದೆ ಕಸಿಯುವಂತಿಲ್ಲ ಎಂದಷ್ಟೇ ಅದರ ಅರ್ಥ. ಅಧಿಕಾರ ಕೊಡುವ ಕಾನೂನುಗಳು ನಮ್ಮಲ್ಲಿ ಸಾಲಾಗಿ ನಿಂತಿವೆ. ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ನೀರಾವರಿಯ, ಹಲವು ಬೆಳೆಯ ಭೂಮಿಯನ್ನು ತೆಗೆದುಕೊಳ್ಳಬೇಕೆಂದು 2013ರ ಕಾಯಿದೆ ಹೇಳುತ್ತದೆ. ಆದರೆ ಇಲ್ಲಿ ಬಡಾವಣೆಗೂ ಕೈಗಾರಿಕೆಗೂ ಹೆಚ್ಚಾಗಿ ಬಳಕೆಯಾಗುವುದು ರಾಜ್ಯದ ಬೇರೆ ಕಾಯಿದೆಗಳು.

ಚಕ್ಕೋತ · ಬೆಳಿಗ್ಗೆ 9:00

ದೇವನಹಳ್ಳಿಯವರನ್ನು ಕೇಳಿ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ. 2022ರ ಏಪ್ರಿಲ್ 4ರಂದು ಧರಣಿ ಕುಳಿತವರು ಎದ್ದದ್ದು 2025ರ ಜುಲೈ 15ರಂದು, ಸ್ವಾಧೀನ ಕೈಬಿಟ್ಟೆವು ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹೇಳಿದ ಮೇಲೆ. 1,198 ದಿನ. ನಾನು ಹತ್ತಿಪ್ಪತ್ತು ದಿನ ಹೋಗಿ ಕುಳಿತವನು ಅಷ್ಟೆ. ಹೆಂಗಸರು ಬೆಳಿಗ್ಗೆ ಹಾಲು ಕರೆದು, ಡೇರಿಗೆ ಹಾಕಿ, ಟೆಂಟಿಗೆ ಬರುತ್ತಿದ್ದರು. ಸಂಜೆ ಹಾಲಿನ ಹೊತ್ತಿಗೆ ಎದ್ದು ಹೋಗುತ್ತಿದ್ದರು. ಧರಣಿಯೂ ದನದ ವೇಳಾಪಟ್ಟಿಯಂತೆ ನಡೆಯಿತು.

ಆದರೆ ಅಂದು ಮುಖ್ಯಮಂತ್ರಿಗಳು ಇನ್ನೊಂದು ಮಾತನ್ನೂ ಹೇಳಿದರು: ಸ್ವಇಚ್ಛೆಯಿಂದ ಕೊಡುವವರಿಂದ ಹೆಚ್ಚಿನ ಬೆಲೆಗೆ ಕೊಳ್ಳುತ್ತೇವೆ. ಅಲ್ಲಿಂದ ಊರು ಎರಡಾಗಿದೆ. "ಇದನ್ನು ಕೃಷಿಗೇ ಮೀಸಲಿಡಿ" ಎನ್ನುವವರೂ ಇದ್ದಾರೆ, "ಮೀಸಲಿಟ್ಟರೆ ನಾಳೆ ಬ್ಯಾಂಕಿನವನೂ ತಿರುಗಿ ನೋಡುವುದಿಲ್ಲ" ಎನ್ನುವವರೂ ಇದ್ದಾರೆ. ಒಂದೇ ಟೆಂಟಿನಲ್ಲಿ ಕುಳಿತಿದ್ದವರು. ಇಬ್ಬರನ್ನೂ ನಾನು ತಪ್ಪು ಎನ್ನಲಾರೆ. ಬಲವಂತಕ್ಕೆ ಬಗ್ಗುವುದಿಲ್ಲ ಎಂದರೆ ಎಂದೂ ಮಾರುವುದಿಲ್ಲ ಎಂದಲ್ಲವಲ್ಲ.

ಕಾಫಿಕಪ್ಪು · ಬೆಳಿಗ್ಗೆ 9:20

ಸಂಬಂಧವಿಲ್ಲದ ಪ್ರಶ್ನೆ, ಕ್ಷಮಿಸಿ. ಕನಕಪುರ ರಸ್ತೆಯಲ್ಲಿ 10 ಗುಂಟೆ "ಫಾರ್ಮ್ ಪ್ಲಾಟ್" ನೋಡಿದ್ದೇನೆ. ಶ್ರೀಗಂಧದ ಸಸಿ ಅವರೇ ನೆಟ್ಟು ನೋಡಿಕೊಳ್ಳುತ್ತಾರಂತೆ. ವಾರಾಂತ್ಯಕ್ಕೆ ಒಂದು ಮನೆಯನ್ನೂ ಕಟ್ಟಿಕೊಳ್ಳಬಹುದಂತೆ. ಇದೂ ಸಂರಕ್ಷಣೆಯೇ ಅಲ್ಲವೇ?

ಪಹಣಿಪ್ರಿಯ · ಬೆಳಿಗ್ಗೆ 9:22

11ಇ ನಕ್ಷೆ (ಮಾರುವ ಪಾಲನ್ನು ಅಳೆದು ಕೊಡುವ ಸರ್ವೆ ನಕ್ಷೆ) ನಿಮ್ಮ ಹೆಸರಿಗೆ ಬರುತ್ತದೆಯೇ, ಪ್ರತ್ಯೇಕ ಪಹಣಿ ಬರುತ್ತದೆಯೇ ಎಂದು ಕೇಳಿ. ಅವರು ಮಾತು ಬದಲಾಯಿಸಿ ಈಜುಕೊಳ ತೋರಿಸಿದರೆ ಎದ್ದು ಬನ್ನಿ.

ಬಂಡಿದಾರಿ · ಬೆಳಿಗ್ಗೆ 9:31

10 ಗುಂಟೆಯಲ್ಲಿ ಮನೆ, ಈಜುಕೊಳ, ಶ್ರೀಗಂಧ. ರಾಗಿಗೆ ಜಾಗವೆಲ್ಲಿ, ಬಾಲ್ಕನಿಯಲ್ಲೇ?

ಆನೇಕಲ್ ಅಕ್ಕ · ಬೆಳಿಗ್ಗೆ 10:15

ಇಷ್ಟು ಜನ ಇಷ್ಟು ಮಾತಾಡಿದಿರಿ, ತುಮಕೂರಿನ ತಂಗಿಯನ್ನು ಯಾರೂ ಕೇಳಲಿಲ್ಲ. ಜಮೀನು ಪಿತ್ರಾರ್ಜಿತವಾಗಿದ್ದರೆ 2005ರ ತಿದ್ದುಪಡಿಯ ನಂತರ ಹೆಣ್ಣುಮಗಳಿಗೂ ಹುಟ್ಟಿನಿಂದಲೇ ಸಮಪಾಲು. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಖಚಿತಪಡಿಸಿದೆ. ಅಪ್ಪ ಒಬ್ಬರೇ ಹೆಬ್ಬೆಟ್ಟು ಒತ್ತಿ ಎಲ್ಲರ ಪಾಲಿಗೂ ಬೀಗ ಹಾಕಲು ಬರುವುದಿಲ್ಲ.

ನನ್ನ ಅನುಭವ ಹೇಳುತ್ತೇನೆ. ನಮ್ಮ ಮನೆಯಲ್ಲಿ "ಭೂಮಿತಾಯಿಯನ್ನು ಮಾರಬಾರದು" ಎಂಬ ಮಾತು ಮೊದಲು ಕೇಳಿಬಂದದ್ದು ನಾನು ಪಾಲು ಕೇಳಿದ ದಿನ. ಅಲ್ಲಿಯವರೆಗೆ ಅಣ್ಣಂದಿರು ಎರಡು ಬಾರಿ ಗುಂಟೆಗಟ್ಟಲೆ ಮಾರಿ ಬೈಕು, ಬೋರ್‌ವೆಲ್ ಎಂದು ಖರ್ಚು ಮಾಡಿದ್ದರು, ಆಗ ತಾಯಿ ನೆನಪಾಗಿರಲಿಲ್ಲ. ಹೊಲವನ್ನು ಹೊಲವಾಗಿ ಉಳಿಸುವ ಪತ್ರ ಬಂದರೆ ಮೊದಲು ಕುಗ್ಗುವುದು ಉಳುವವನ ಪಾಲಲ್ಲ, ಹೊರಗೆ ಹೋದವಳ ಪಾಲು. ತಮ್ಮನಿಗೆ ಬೆಳೆಯಾದರೂ ಸಿಗುತ್ತದೆ, ತಂಗಿಗೆ ಏನು ಸಿಗುತ್ತದೆ? ವರ್ಷಕ್ಕೊಂದು ಚೀಲ ರಾಗಿ, ಸಂಕ್ರಾಂತಿಗೆ ಅವರೆಕಾಯಿ.

ರಾಗಿಕಣ · ಬೆಳಿಗ್ಗೆ 10:40

ಅಕ್ಕ, ಮಾತು ಚುಚ್ಚಿತು. ತಂಗಿಯನ್ನು ನಾನು ಕೇಳಿಯೇ ಇಲ್ಲ. ಇಂದು ಫೋನ್ ಮಾಡುತ್ತೇನೆ.

ದರಖಾಸ್ತು · ಬೆಳಿಗ್ಗೆ 11:30

ನಿರ್ಬಂಧವಿರುವ ಜಮೀನು ಹೇಗಿರುತ್ತದೆ ಎಂದು ತಿಳಿಯಬೇಕಾದರೆ ನಮ್ಮನ್ನು ಕೇಳಿ. ನಮ್ಮ ತಾತನಿಗೆ ದರಖಾಸ್ತಿನಲ್ಲಿ 2 ಎಕರೆ ಸರ್ಕಾರಿ ಜಮೀನು ಮಂಜೂರಾಯಿತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು ಕೈತಪ್ಪದಂತೆ ತಡೆಯುವ 1978ರ ಪಿಟಿಸಿಎಲ್ ಕಾಯಿದೆಯ ಪ್ರಕಾರ ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಮಾಡುವಂತಿಲ್ಲ. ಮೇಲ್ನೋಟಕ್ಕೆ ಇದೂ ಆಸ್ತಿ ಹಕ್ಕಿಗೆ ಕಡಿವಾಣವೇ. ಆದರೂ ಆ ಕಡಿವಾಣ ಇಲ್ಲದಿದ್ದರೆ ಇಂದು ನಮ್ಮ ಹೆಸರಿನಲ್ಲಿ ಅಂಗೈಯಗಲವೂ ಇರುತ್ತಿರಲಿಲ್ಲ. ಅಪ್ಪ ಕಷ್ಟದಲ್ಲಿ ಒಬ್ಬರಿಗೆ ಬಿಟ್ಟುಕೊಟ್ಟಿದ್ದರು, ಕಾನೂನು ಇದ್ದದ್ದರಿಂದ ಮರಳಿ ಬಂತು. ಕಾಲಮಿತಿಯ ನೆಪದಲ್ಲಿ ಇಂಥ ಪ್ರಕರಣಗಳನ್ನು ತಳ್ಳಿಹಾಕುವುದನ್ನು ತಪ್ಪಿಸಲು 2023ರಲ್ಲಿ ತಿದ್ದುಪಡಿಯೂ ಆಯಿತು.

ಇನ್ನೊಂದು ಮಗ್ಗುಲೂ ಇದೆ. ತಂಗಿಯ ಶಸ್ತ್ರಚಿಕಿತ್ಸೆಗೆ ಹಣ ಬೇಕಾದಾಗ ಅನುಮತಿಯ ಕಡತ ಮೇಜಿನಿಂದ ಮೇಜಿಗೆ ಹದಿನಾಲ್ಕು ತಿಂಗಳು ತಿರುಗಿತು. ಹದಿನೈದನೇ ತಿಂಗಳು ಆ ಹಣದ ಅಗತ್ಯವೇ ಉಳಿದಿರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ. ಬೀಗ ಹಾಕುವುದಾದರೆ ಬೀಗದ ಕೈ ಯಾರ ಸೊಂಟದಲ್ಲಿರುತ್ತದೆ ಎಂದು ಮೊದಲು ನೋಡಿಕೊಳ್ಳಿ.

ಸ್ವತಂತ್ರಪಕ್ಷಿ · ಮಧ್ಯಾಹ್ನ 12:10

ತತ್ತ್ವದ ಮಾತಿಗೆ ಬರೋಣ. ಆಸ್ತಿ ಹಕ್ಕು ಎಂದರೆ ನನಗೆ ಬೇಕಾದಂತೆ ಬಳಸುವ ಹಕ್ಕು. ಅದನ್ನು ನನ್ನ ಮೊಮ್ಮಗನಿಂದ ಕಿತ್ತುಕೊಳ್ಳಲು ನಾನು ಯಾರು? 1950ರಲ್ಲಿ ಯಾರೋ ಒಬ್ಬರು ಮಾರತಹಳ್ಳಿಯಲ್ಲಿ ಹೀಗೆ ಬರೆದಿಟ್ಟಿದ್ದರೆ ಇಂದು ಅವರ ವಂಶದವರು ಹೊರವರ್ತುಲ ರಸ್ತೆಯ ನಡುವೆ ಹುರುಳಿ ಬೆಳೆಯಬೇಕಿತ್ತು.

ಅರ್ಕಾವತಿ ದಂಡೆ · ಮಧ್ಯಾಹ್ನ 12:25

ಮಾರಿದರೆ ಮೊಮ್ಮಗನ ಕೈ ಕಟ್ಟಿದಂತಲ್ಲವೇ? ಸಿಮೆಂಟು ಸುರಿದ ಮೇಲೆ ಮತ್ತೆ ರಾಗಿ ಬಿತ್ತುತ್ತೇನೆ ಎಂದು ಅವನು ಬಂದರೆ ಯಾವ ಕಚೇರಿ ಅರ್ಜಿ ತೆಗೆದುಕೊಳ್ಳುತ್ತದೆ?

ಮಾರತಹಳ್ಳಿಯಲ್ಲಿ ಇಂದು ಹುರುಳಿ ಹೊಲವಿದ್ದಿದ್ದರೆ ಮಳೆ ಬಂದಾಗ ನಿಮ್ಮ ಕಾರು ತೇಲುತ್ತಿರಲಿಲ್ಲ, ಅದು ಬೇರೆ ಮಾತು.

ಸ್ವತಂತ್ರಪಕ್ಷಿ · ಮಧ್ಯಾಹ್ನ 12:31

ಕಾರಿನ ವಿಷಯ ನಿಮಗೆ ಹೇಗೆ ಗೊತ್ತಾಯಿತು?

ನಿರ್ವಾಹಕ · ಮಧ್ಯಾಹ್ನ 12:40

ಜಾತಿ ಎತ್ತಿ ಬರೆದ ಎರಡು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ. ಕಾರು ತೇಲಿದ ಚಿತ್ರಗಳನ್ನು ಬೇರೆ ಕಡೆ ಹಾಕಿ.

ಕುಪರ್ಟಿನೋ ಕನ್ನಡಿಗ · ಮಧ್ಯಾಹ್ನ 1:05

"ಎಂದೆಂದಿಗೂ" ಎಂಬುದೇ ತೊಡಕಾದರೆ ಕ್ಯಾಲಿಫೋರ್ನಿಯಾದಲ್ಲೇ ಇನ್ನೊಂದು ಮಾದರಿ ಇದೆ. 1965ರ ವಿಲಿಯಮ್ಸನ್ ಕಾಯಿದೆ. 10 ವರ್ಷದ ಕರಾರು, ಪ್ರತಿ ವರ್ಷ ತಾನಾಗಿ ಒಂದು ವರ್ಷ ಮುಂದಕ್ಕೆ ಹೋಗುತ್ತದೆ. ಬೇಡವೆಂದರೆ ನೋಟಿಸ್ ಕೊಟ್ಟು ಉಳಿದ ಅವಧಿಯನ್ನು ಮುಗಿಸಿದರಾಯಿತು. ಅಷ್ಟು ಕಾಲ ಆಸ್ತಿ ತೆರಿಗೆಯನ್ನು ಬಡಾವಣೆಯ ಬೆಲೆಯ ಮೇಲಲ್ಲ, ಬೆಳೆಯ ಆದಾಯದ ಮೇಲೆ ಹಾಕುತ್ತಾರೆ.

ಲೆಕ್ಕಾಚಾರ · ಮಧ್ಯಾಹ್ನ 1:15

ಮತ್ತೆ ತೆರಿಗೆ! ಆದರೆ ಹತ್ತು ವರ್ಷದ ಕರಾರು ಎಂಬುದು ಹಿಡಿಸಿತು. ಹತ್ತಿರದ ಉದಾಹರಣೆ ಬೇಕಾದರೆ ಕೇರಳ. 2008ರ ಕಾಯಿದೆಯಲ್ಲಿ ಗದ್ದೆ ಮುಚ್ಚುವುದನ್ನು ನಿಷೇಧಿಸಿದರು, ಸ್ವಂತ ಮನೆಗೆ ಪಂಚಾಯಿತಿ ವ್ಯಾಪ್ತಿಯಲ್ಲಿ 10 ಸೆಂಟ್ಸ್‌ನಂಥ ಸಣ್ಣ ವಿನಾಯಿತಿ ಇಟ್ಟು. ಹನ್ನೆರಡು ವರ್ಷದ ನಂತರ, 2020ರಲ್ಲಿ, ಗದ್ದೆಯನ್ನು ಗದ್ದೆಯಾಗಿ ಇಟ್ಟುಕೊಂಡವರಿಗೆ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿ ರಾಯಧನ ಶುರು ಮಾಡಿದರು. ಮೊತ್ತ ನೋಡಿ ನಗು ಬರುತ್ತದೆ. ಆದರೆ "ನೀನು ಉಳಿಸಿದ್ದಕ್ಕೆ ನಾನು ಋಣಿ" ಎಂದು ಸರ್ಕಾರ ಒಪ್ಪಿಕೊಂಡದ್ದು ಸಣ್ಣದಲ್ಲ. ತಮಿಳುನಾಡು ಅದೇ ವರ್ಷ ಕಾವೇರಿ ಮುಖಜಭೂಮಿಯನ್ನು ಸಂರಕ್ಷಿತ ಕೃಷಿ ವಲಯ ಮಾಡಿ ತೈಲ, ಅನಿಲದ ಹೊಸ ಯೋಜನೆಗಳಿಗೆ ತಡೆ ಹಾಕಿತು. ಬೆಂಗಳೂರು ಆ ವರ್ಷ ಏನು ಮಾಡುತ್ತಿತ್ತು ಗೊತ್ತಲ್ಲ?

ಕರಿಕೋಟು · ಮಧ್ಯಾಹ್ನ 1:40

ಗೊತ್ತು. ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಕಲಂಗಳನ್ನು ತೆಗೆದುಹಾಕುತ್ತಿತ್ತು. ಅಲ್ಲಿಯವರೆಗೆ ಕೃಷಿಕರಲ್ಲದವರು, ಕಂಪನಿಗಳು, ಟ್ರಸ್ಟುಗಳು ಕೃಷಿ ಭೂಮಿ ಕೊಳ್ಳುವಂತಿರಲಿಲ್ಲ. ಅದರ ವಿರುದ್ಧ ನಾನೂ ಬೀದಿಗಿಳಿದಿದ್ದೆ. ಆದರೆ ಈಗ ನೋಡಿದರೆ, ಮರಿನ್‌ನಂಥ ಟ್ರಸ್ಟ್ ಇಲ್ಲಿ ಒಂದು ಎಕರೆ ಹೊಲ ಕೊಂಡು ಹೊಲವಾಗಿ ಕಾಪಾಡಬೇಕೆಂದರೂ ದಾರಿ ತೆರೆದದ್ದು ಅದೇ ತಿದ್ದುಪಡಿ. ರೆಸಾರ್ಟಿನವನಿಗೆ ತೆರೆದ ಬಾಗಿಲಿನಲ್ಲೇ ಟ್ರಸ್ಟೂ ಬರಬೇಕು.

ಬಂದ ಮೇಲೂ ಕಷ್ಟ ತಪ್ಪಿದ್ದಲ್ಲ. ಟ್ರಸ್ಟ್ ತಾನು ಉಳುವುದಿಲ್ಲ, ರೈತನಿಗೆ ಗೇಣಿಗೆ ಕೊಡಬೇಕು. 1974ರ ತಿದ್ದುಪಡಿಯಿಂದ ಗೇಣಿಗೆ ಕೊಡುವುದಕ್ಕೇ ನಿಷೇಧವಿದೆ, ಸೈನಿಕರಂಥ ಕೆಲವರನ್ನು ಬಿಟ್ಟು. ಉಳುವವನೇ ಒಡೆಯ ಎಂದ ಕಾನೂನು ಅದು, ನನ್ನ ಅಜ್ಜನಿಗೂ ಎರಡು ಎಕರೆ ಕೊಡಿಸಿತು. ಆದ್ದರಿಂದ ಬೈಯಲು ಬಾಯಿ ಬರುವುದಿಲ್ಲ.

ಪಹಣಿಪ್ರಿಯ · ಮಧ್ಯಾಹ್ನ 1:44

ಊರಿನಲ್ಲಿ ಅರ್ಧ ಹೊಲ ಬಾಯಿಮಾತಿನ ವಾರದ (ಬೆಳೆಯ ಪಾಲಿನ) ಮೇಲೆ ನಡೆಯುತ್ತಿದೆ. ಪಹಣಿಯಲ್ಲಿ ಮಾತ್ರ ಎಲ್ಲರೂ "ಸ್ವಂತ".

ತಮ್ಮನೇ · ಮಧ್ಯಾಹ್ನ 3:20

ನಾನು ರಾಗಿಕಣ ಅವರ ತಮ್ಮ. ಅಣ್ಣ ಇದನ್ನು ಬರೆದಿದ್ದಾರೆಂದು ತಂಗಿ ಹೇಳಿದಳು. ಊಟ ಬಿಟ್ಟು ಎದ್ದದ್ದು ನಿಜ. ಕಾರಣವನ್ನೂ ಬರೆಯಬಹುದಿತ್ತು.

ಪಕ್ಕದ ಬಡಾವಣೆಯವರು ಮೂರು ಬೋರ್ ಕೊರೆಸಿದ ಮೇಲೆ ನಮ್ಮದು 900 ಅಡಿಯಲ್ಲಿ ನಿಂತುಹೋಯಿತು. 1,250ಕ್ಕೆ ಇಳಿಸಿದೆ, ಸಾಲ ಮಾಡಿ. ಬೆಳಿಗ್ಗೆ ಎರಡು ಗಂಟೆಗೆ ತ್ರೀಫೇಸ್ ಕರೆಂಟ್ ಬಂದರೆ ಎದ್ದು ಹೋಗುವವನು ನಾನು. ಬೂಜು ರೋಗ ಬಂದ ವರ್ಷ ಗೊಂಚಲು ಗೊಂಚಲೇ ಚಪ್ಪರದ ಕೆಳಗೆ ಉದುರಿ ಕೊಳೆಯಿತು. ಆ ಹುಳಿ ವಾಸನೆ ಬಟ್ಟೆಯಿಂದ ಹೋಗಲು ವಾರ ಹಿಡಿಯಿತು. ಅಣ್ಣ ಆಗ ಯಲಹಂಕದಿಂದ "ಸಾವಯವ ಮಾಡಬಾರದೇ" ಎಂದು ಸಂದೇಶ ಕಳಿಸಿದರು.

ನನಗೆ ಮಾರುವ ಆಸೆಯಿಲ್ಲ. ಆದರೆ ಬ್ಯಾಂಕಿನ ಮುಂದೆ, ಹೆಣ್ಣು ಕೊಡುವವರ ಮುಂದೆ, ದಲ್ಲಾಳಿಯ ಮುಂದೆ ನನಗೆ ಬೆಲೆ ಇರುವುದು ಬೇಕೆಂದರೆ ಮಾರಬಲ್ಲೆ ಎಂಬ ಒಂದೇ ಕಾರಣಕ್ಕೆ. ಅದನ್ನು ಬರೆದುಕೊಟ್ಟರೆ ಉಳಿಯುವುದು ಏನು? ಅಪ್ಪನಿಗೆ ರಾಗಿ ಉಳಿಯಬೇಕು. ರಾಗಿ ಬೆಳೆಯುವವನು ಉಳಿಯಬೇಕೋ ಬೇಡವೋ ಎಂದು ಯಾರಾದರೂ ಕೇಳಿದಿರಾ?

ಆನೇಕಲ್ ಅಕ್ಕ · ಮಧ್ಯಾಹ್ನ 3:35

ತಮ್ಮಾ, ಈ ಚರ್ಚೆ ನಿನ್ನಿಂದಲೇ ಶುರುವಾಗಬೇಕಿತ್ತು.

ಚಕ್ಕೋತ · ಮಧ್ಯಾಹ್ನ 3:50

ನನ್ನ ಮಟ್ಟಿಗೆ ಪ್ರಶ್ನೆ ಇಲ್ಲಿಗೆ ಬಂದು ನಿಂತಿತು. ಕಟ್ಟುವ ಹಕ್ಕನ್ನು ಬಿಟ್ಟುಕೊಡುವವನಿಗೆ ಬದಲಿಗೆ ಏನು ಕೊಡುತ್ತೀರಿ ಎಂದು ಹೇಳದೆ ಪತ್ರದ ಮಾತೇ ಬೇಡ. ನಗರಕ್ಕೆ ಈ ಹೊಲಗಳು ಬೇಕಾದರೆ ರಸ್ತೆಗೆ, ಮೆಟ್ರೋಗೆ ಹಣ ತೆಗೆದಿಟ್ಟಂತೆ ಇದಕ್ಕೂ ತೆಗೆದಿಡಲಿ. ಎಲ್ಲ ಹೊಲಕ್ಕೂ ಬೇಡ, ಕೆರೆಯ ಅಚ್ಚುಕಟ್ಟಿನಲ್ಲಿ, ಹಳ್ಳದ ಎರಡೂ ದಡದಲ್ಲಿ ಇರುವವಕ್ಕೆ ಮೊದಲು. ಹತ್ತೋ ಹದಿನೈದೋ ವರ್ಷದ ಕರಾರು, ವರ್ಷಕ್ಕಿಷ್ಟು ಎಂದು ಖಾತೆಗೆ. ಕರಾರಿನ ಅವಧಿಯಲ್ಲಿ ಸರ್ಕಾರವೂ ಆ ಜಮೀನಿಗೆ ನೋಟಿಸ್ ಹೊರಡಿಸಬಾರದು. ರೈತನೊಬ್ಬನೇ ಕೈ ಕಟ್ಟಿಕೊಂಡು, ಎದುರಿನವನ ಕೈಯಲ್ಲಿ ಸ್ವಾಧೀನದ ಕತ್ತಿ ಇದ್ದರೆ ಅದು ಕರಾರಲ್ಲ.

ಸ್ವತಂತ್ರಪಕ್ಷಿ · ಸಂಜೆ 4:05

ಇಬ್ಬರೂ ಒಪ್ಪಿ, ಹಣ ಕೊಟ್ಟು, ಅವಧಿ ಇಟ್ಟು ಮಾಡಿಕೊಂಡರೆ ನನ್ನ ತಕರಾರಿಲ್ಲ. ನಾನು ಇದನ್ನೇ ಹೇಳುತ್ತಿದ್ದೆ.

ಅರ್ಕಾವತಿ ದಂಡೆ · ಸಂಜೆ 4:06

ಹೇಳುತ್ತಿರಲಿಲ್ಲ.

ಕಾಫಿಕಪ್ಪು · ಸಂಜೆ 5:30

ಫಾರ್ಮ್ ಪ್ಲಾಟಿನವರಿಗೆ 11ಇ ನಕ್ಷೆ ಕೇಳಿದೆ. ಈಜುಕೊಳದ ವಿಡಿಯೋ ಕಳಿಸಿದ್ದಾರೆ.

ರಾಗಿಕಣ · ರಾತ್ರಿ 9:15

ಸಂಜೆ ಊರಿಗೆ ಹೋಗಿದ್ದೆ. ತಮ್ಮ ಮಾತಾಡಿಸಲಿಲ್ಲ, ಆದರೆ ಕಾಫಿ ತಂದಿಟ್ಟ. ತಂಗಿ ಫೋನಿನ ಸ್ಪೀಕರಿನಲ್ಲಿದ್ದಳು. ನೀವು ಬರೆದದ್ದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಕಲಂಗಳು ಬಂದಾಗ ಕಣ್ಣು ಮುಚ್ಚಿದ್ದರು. ತಮ್ಮ ಬರೆದದ್ದನ್ನು ಓದುವಾಗ ಬೋರಿನ ಸಾಲ ಎಷ್ಟು ಉಳಿದಿದೆ ಎಂದು ಕೇಳಿದರು. ಅದುವರೆಗೆ ಅವರಿಗೂ ಲೆಕ್ಕ ಗೊತ್ತಿರಲಿಲ್ಲ. ತಂಗಿ, ತನಗೆ ಪಾಲು ಬೇಕು, ಆದರೆ ಈಗಲೇ ಕತ್ತರಿಸಿ ಕೊಡಬೇಕಾಗಿಲ್ಲ ಎಂದಳು. ಎಷ್ಟು ದಿನ ಎಂಬುದನ್ನು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಆಮೇಲೆ ಅಪ್ಪ ಟಾರ್ಚ್ ಹಿಡಿದು ಹಳ್ಳ ದಾಟಿ ಪಶ್ಚಿಮದ ಕಡೆಯವರ ಮನೆಗೆ ಹೊರಟರು. ನಾವಿಬ್ಬರೂ ಹಿಂದೆ ಹೋದೆವು. ಅರ್ಧ ಗಂಟೆ ಮಳೆ, ಮೊಮ್ಮಕ್ಕಳು, ಸೊಸೈಟಿ ಗೊಬ್ಬರ. ಎದ್ದು ಬರುವಾಗ ಬಾಗಿಲಲ್ಲಿ ನಿಂತು, "ನೀವು ಮಾರುವ ಯೋಚನೆ ಬಂದರೆ ದಲ್ಲಾಳಿಗೆ ಹೇಳುವ ಮೊದಲು ನಮಗೆ ಹೇಳಿ, ನಾವೂ ಹಾಗೆಯೇ ಮಾಡುತ್ತೇವೆ" ಎಂದರು. ಆ ಮನೆಯವರು "ಆಗಲಿ" ಎಂದರು. ಪತ್ರವಿಲ್ಲ, ಛಾಪಾ ಕಾಗದವಿಲ್ಲ.

ಪೋಡಿಗೆ ಅರ್ಜಿ ನಾಳೆ ಹಾಕುತ್ತೇವೆ. ದೊಡ್ಡಪ್ಪನ ಮಕ್ಕಳು ಸಹಿ ಮಾಡಬೇಕು.

ಕರಿಕೋಟು · ರಾತ್ರಿ 9:25

ಬಾಯಿಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಕರಡು ಬರೆದುಕೊಡುತ್ತೇನೆ, ಮೂರು ಮನೆಯವರನ್ನೂ ಕರೆತನ್ನಿ.

ಪಹಣಿಪ್ರಿಯ · ರಾತ್ರಿ 9:27

ದೊಡ್ಡಪ್ಪನ ಮಕ್ಕಳು ಎಷ್ಟು ಜನ?

ತಮ್ಮನೇ · ರಾತ್ರಿ 9:31

ಏಳು. ಒಬ್ಬ ದುಬೈನಲ್ಲಿದ್ದಾನೆ.

ಪಹಣಿಪ್ರಿಯ · ರಾತ್ರಿ 9:32

ಇನ್ನು ಆರು ವರ್ಷ ನಿಮ್ಮ ಹೊಲವನ್ನು ಯಾರೂ ಮುಟ್ಟುವುದಿಲ್ಲ, ಅಪ್ಪನಿಗೆ ಹೇಳಿ.

ಆನೇಕಲ್ ಅಕ್ಕ · ರಾತ್ರಿ 9:40

ದ್ರಾಕ್ಷಿ ಕೊಯ್ಲು ಯಾವಾಗ? ಐದು ಕೆ.ಜಿ. ಬೇಕಿತ್ತು.